ಕುಂತವರ ರೊಟ್ಟಿ, ಎದ್ದವಳ ಪ್ರವಾಸ

ನಮ್ಮೂರು, ಬೇವಿನ ಗಿಡದ ಕೆಳಗೆ

ನಾನು ಕೊರಿಯಾ ದೇಶಕ್ಕೆ ಹೋಗಿ ಬಂದದ್ದು ನಮ್ಮೂರ ಕಟ್ಟೆಯ ಮೇಲೆ ಕೂರುವವರಿಗೆಲ್ಲ ಗೊತ್ತು. ಹಾರ ಹಾಕಿ ಕಳಿಸಿದವರೂ ಅವರೇ. ಬಂದ ಮೇಲೆ, "ಅಕ್ಕೋರ, ಹೋಗಿ ಬಂದಿದ್ದು ಬರೀರಿ, ನಮ್ಮ ಹುಡುಗ್ರು ಓದ್ಲಿ" ಎಂದವರೂ ಅವರೇ. ಅಕ್ಕೋರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಮೂವತ್ತೊಂದು ವರ್ಷ ಮಕ್ಕಳ ಕೈಯಲ್ಲಿ ಪ್ರಬಂಧ ಬರೆಸಿದವಳಿಗೆ ಇದೇನು ದೊಡ್ಡ ಕೆಲಸವಲ್ಲ. ಆದರೆ ಖರೇ ಬರೆಯಬೇಕೆಂದರೆ ವಿಮಾನ ಹತ್ತಿದ ದಿನಕ್ಕಿಂತ ಆರು ವರ್ಷ ಹಿಂದಿನಿಂದ ಶುರು ಮಾಡಬೇಕು. ಅದಕ್ಕೇ ಮೂರು ಸಲ ಬರೆಯಲು ಕೂತು ಮೂರು ಸಲವೂ ಹಾಳೆ ಹರಿದೆ. ಇದು ನಾಲ್ಕನೆಯದು.

ನಮ್ಮೂರು ಮುಳಗುಂದದಿಂದ ಸ್ವಲ್ಪ ಆಚೆ. ಊರ ಮುಂದೆ ದನ, ಆಡು ಮೇಯುವ ಗಾಯರಾಣ ಇದೆ. ಅದನ್ನು ಯಾವುದೋ ಕಾರ್ಖಾನೆಗೆ ಕೊಟ್ಟಾಯಿತು ಎಂಬ ಖಬರು ಬಂದ ಮುಂಜಾನೆ ಮೊದಲು ಹೋಗಿ ಅಲ್ಲಿ ಕೂತವಳು ಮಾಬೂಬಿ. ಎಂಟು ಆಡು ಸಾಕಿದವಳು, ಉಳಿದ ದಿನ ಕೂಲಿಗೆ ಹೋಗುವವಳು, ಸಹಿ ಮಾಡಲು ಹೆಬ್ಬೆಟ್ಟು ಒತ್ತುವವಳು. ಮರುದಿನ ಅವಳ ಪಕ್ಕ ನಾಲ್ಕು ಜನ, ವಾರದಲ್ಲಿ ಇಡೀ ಊರು. ಬಡಿಗೆ ಹಿಡಿಯಬಾರದು, ಬೈಯಬಾರದು, ಏಳಬಾರದು. ಇಷ್ಟೇ ಅವಳ ಕಾಯಿದೆ.

ಇನ್ನೊಂದು ಕಾಯಿದೆ ರೊಟ್ಟಿಯದು. ದಿನಾ ಮುಂಜಾನೆ ಮನೆಗೆ ಎರಡರಂತೆ ಜೋಳದ ರೊಟ್ಟಿ ಬೇವಿನ ಗಿಡದ ಕೆಳಗಿನ ಬುಟ್ಟಿಗೆ ಬಂದು ಬೀಳುತ್ತಿದ್ದವು. ಸಂಜೆ ಊಟಕ್ಕೆ ಮುಂಚೆ ಯಾರು ದಿನವಿಡೀ ಏಳದೆ ಕೂತಿದ್ದರೋ ಅವರು ಮೊದಲ ರೊಟ್ಟಿ ಮುರಿಯಬೇಕು. ನಡುವೆ ಎದ್ದು ಮನೆಗೆ ಹೋಗಿ ಬಂದವರು ಕೊನೆಗೆ ಉಣ್ಣಬೇಕು. ಒಮ್ಮೆ ಪಂಚಾಯಿತಿ ಸದಸ್ಯರೊಬ್ಬರು ಭಾಷಣ ಮುಗಿಸಿ ನೆಟ್ಟಗೆ ಬುಟ್ಟಿಗೆ ಕೈಹಾಕಿದರು. ಮಾಬೂಬಿ ಬುಟ್ಟಿ ಈಚೆ ಎಳೆದುಕೊಂಡು, "ಸಾಹೇಬ್ರ, ನಿಮ್ಮ ಪಾಳಿ ಕಡೀಗೆ" ಅಂದಳು. ಊರೆಲ್ಲ ನಕ್ಕಿತು, ಅವರೂ ನಕ್ಕರು.

ಆಗ ನನ್ನ ನೌಕರಿ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಸಾಲಿ ಬಿಟ್ಟ ಮೇಲೆ ಹೋಗಿ ಕೂರುತ್ತಿದ್ದೆ. ರಟ್ಟಿನ ಫಲಕಗಳನ್ನೆಲ್ಲ ಬರೆದದ್ದು ನಾನೇ, ಅಕ್ಷರ ಗುಂಡಾಗಿ ಬರುತ್ತವೆ ಅಂತ ಎಲ್ಲರೂ ಹೊಗಳುತ್ತಿದ್ದರು. ಗಾಯರಾಣ ಅಗೆಯುವ ಯಂತ್ರ ಬಂದ ದಿನ ರವಿವಾರ. ಹದಿಮೂರು ಜನ ಹೆಂಗಸರು ಅದರ ಎದುರು ಕೂತೆವು. ಪೇಪರಿನವರು ಬಂದಾಗ, "ಅಕ್ಕೋರು ಮುಂದ ಬರ್ರಿ, ಫಲಕ ಹಿಡೀರಿ" ಅಂದರು. ಮುಂದೆ ಹೋದೆ. ಫೋಟೋ ತೆಗೆದುಕೊಂಡು ಹೋದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಪೊಲೀಸ್ ವ್ಯಾನು ಬಂತು. ಅದರಿಂದ ಇಳಿದ ಒಬ್ಬ ಹೆಣ್ಣು ಪೇದೆ ನನ್ನ ಕೈಯಲ್ಲೇ ಕಲಿತವಳು. ಬಗ್ಗಿ ಕಿವಿಯಲ್ಲಿ, "ಅಕ್ಕೋರ, ಹೆಸರು ಬರಕೊಳ್ಳಾಕ ಹತ್ಯಾರ. ನೀವು ನೌಕರಿಯವ್ರು, ಏಳ್ರಿ" ಅಂದಳು. ನಾನು ಮಾಬೂಬಿಯ ಕಡೆ ತಿರುಗಿ, "ನೀರು ಕುಡದು ಬರ್ತೀನವಾ" ಅಂದೆ. ಎದ್ದೆ. ಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಅಡಿಗೆಮನೆಯಲ್ಲಿ ಕೂತೆ. ಖರೇ ಹೇಳುತ್ತೇನೆ, ನೀರು ಕುಡಿಯಲೂ ಇಲ್ಲ. ವ್ಯಾನು ಹೊರಟ ಸಪ್ಪಳ ಕೇಳಿದ ಮೇಲೆ ಚಿಲಕ ತೆಗೆದೆ.

ಹನ್ನೆರಡು ಜನ ಮೂರು ದಿನ ಒಳಗಿದ್ದು ಬಂದರು. ಯಂತ್ರ ತಿರುಗಿ ಹೋಯಿತು, ಗಾಯರಾಣ ಉಳಿಯಿತು. ಅವರ ಮೇಲಿನ ಕೇಸು ಮಾತ್ರ ಇನ್ನೂ ನಡೆದಿದೆ. ಪೇಪರಿನಲ್ಲಿ ಬಂದ ಫೋಟೋಕ್ಕೆ ಚೌಕಟ್ಟು ಹಾಕಿಸಿ ಊರವರು ಸಾಲಿಯಲ್ಲಿ ತೂಗುಹಾಕಿದರು. ಅದರಲ್ಲಿ ಮುಂದೆ ಇರುವವಳು ನಾನು. ಮಾಬೂಬಿಯದು ನನ್ನ ಭುಜದ ಹಿಂದೆ ಅರ್ಧ ಮುಖ. ಅದನ್ನು ನೋಡುತ್ತ ನಾಲ್ಕು ವರ್ಷ ಪಾಠ ಹೇಳಿದೆ.

ಪಾಸ್‌ಪೋರ್ಟು

ಕೊರಿಯಾದ ಒಂದು ಹಳ್ಳಿಯ ಮುದುಕಿಯರು ಹೀಗೇ ತಮ್ಮ ಗುಡ್ಡಕ್ಕಾಗಿ ವರ್ಷಗಟ್ಟಲೆ ಕೂತಿದ್ದರಂತೆ. ಬೇರೆ ಬೇರೆ ದೇಶಗಳಲ್ಲಿ ಹಾಗೆ ಕೂತ ಹೆಂಗಸರನ್ನು ವರ್ಷಕ್ಕೊಬ್ಬರಂತೆ ಕರೆಸಿ ನಾಲ್ಕು ದಿನ ಇಟ್ಟುಕೊಳ್ಳುವುದು ಅವರ ರೂಢಿ. ಅಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಹುಡುಗಿ ಸುಜಾತಾ ನಮ್ಮೂರಿನ ಸುದ್ದಿ ಅವರಿಗೆ ಹೇಳಿದ್ದಳು. ಕರೆ ಬಂತು. ಊರವರು ಕೂಡಿ ಮಾತಾಡಿ ಮಾಬೂಬಿ ಹೋಗಬೇಕು ಎಂದರು. ಲೆಕ್ಕಕ್ಕೆ ಇರಲಿ ಅಂತ ನನ್ನ ಅರ್ಜಿಯನ್ನೂ ಹಾಕಿಸಿದರು.

ಮಾಬೂಬಿಯ ಅರ್ಜಿ ಪೊಲೀಸ್ ತಪಾಸಣೆಗೆ ಬಂದು ನಿಂತಿತು. ಮೇಲೆ ಕೇಸಿದೆ, ಕೋರ್ಟಿನ ಪರವಾನಗಿ ತರಬೇಕು ಎಂದರು. ಪರವಾನಗಿಗೆ ಹೋದರೆ ತಾರೀಖು ಮುಂದಕ್ಕೆ ಹೋಯಿತು. ನನ್ನದು ಮೂರೇ ವಾರದಲ್ಲಿ ಮನೆ ಬಾಗಿಲಿಗೆ ಬಂತು. ಪೋಸ್ಟಿನವನು ಸಹಿ ಮಾಡಿಸಿಕೊಂಡು ಹೋದ ಮೇಲೆ ಆ ಪುಸ್ತಕ ಹಿಡಿದು ಪಡಸಾಲೆಯಲ್ಲಿ ನಿಂತೇ ಇದ್ದೆ. ಕೂತವಳು ಕೂತದ್ದಕ್ಕೇ ಹೋಗುವಂತಿಲ್ಲ. ನಾನು ಎದ್ದದ್ದಕ್ಕೇ ಹೋಗಬಹುದು.

"ಯಾರರ ಒಬ್ರು ಹೋಗಬೇಕಲ್ರಿ, ನೀವ ಹೋಗ್ರಿ ಅಕ್ಕೋರ" ಅಂದಳು ಮಾಬೂಬಿ. ಹೊರಡುವ ಮುನ್ನಾದಿನ ಹಳೆಯ ಪಂಚೆಯಲ್ಲಿ ಕಟ್ಟಿದ ಗಂಟು ತಂದಳು. ಒಳಗೆ ಹದಿನೈದು ಕಟಕ ರೊಟ್ಟಿ, ತಿಂಗಳಿಟ್ಟರೂ ಕೆಡದಂತೆ ಒಣಗಿಸಿದ್ದು, ಜೊತೆಗೆ ಶೇಂಗಾ ಚಟ್ನಿಪುಡಿ. "ಅಲ್ಲಿ ಕುಂತವ್ರಿಗೆ ಕೊಡ್ರಿ. ದಾರ್ಯಾಗ ಮುರೀಬ್ಯಾಡ್ರಿ. ಅವರ ಮುರೀಲಿ."

ಇಂಚೋನ್ ವಿಮಾನ ನಿಲ್ದಾಣ

ವಿಮಾನದಲ್ಲಿ ನಡುವಿನ ಕುರ್ಚಿ ಸಿಕ್ಕಿದ್ದರಿಂದ ಮೋಡ ಗೀಡ ಏನೂ ಕಾಣಲಿಲ್ಲ. ಹದಿನೈದು ರೊಟ್ಟಿಗಳನ್ನು ಎರಡು ಸ್ಟೀಲಿನ ತಾಟಿನ ನಡುವೆ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅಕ್ಕಪಕ್ಕದವರು ದೇವರ ಪೆಟ್ಟಿಗೆ ಎಂದುಕೊಂಡಿರಬೇಕು, ಕಾಲು ದೂರ ಇಟ್ಟುಕೊಂಡರು.

ಇಂಚೋನಿನಲ್ಲಿ ಇಳಿದ ಮೇಲೆ ಗಂಟು ಬಿಚ್ಚಿಸಿದರು. ಸಣ್ಣ ವಯಸ್ಸಿನ ಅಧಿಕಾರಿ ರೊಟ್ಟಿಯನ್ನು ಬೆರಳಿನಿಂದ ಬಾರಿಸಿದ. ಠಣ್ ಅಂತು. ಇದು ತಿನ್ನುವ ಪದಾರ್ಥವೇ ಎಂದು ಅವನಿಗೆ ಸಂಶಯ. ಎರಡೂ ಕೈಯಿಂದ ಮುರಿದು ಬಾಯಿಗೆ ಹಾಕುವ ಹಾಗೆ ಸನ್ನೆ ಮಾಡಿ, ಮುರಿದು ತೋರಿಸು ಎಂದ. ನಾನು ಒಲ್ಲೆ ಎಂದು ತಲೆ ಅಲ್ಲಾಡಿಸಿದೆ. ಮತ್ತೆ ಸನ್ನೆ ಮಾಡಿದ. ನಾನು ಎರಡೂ ಅಂಗೈಯನ್ನು ತಾಟಿನ ಮೇಲೆ ಊರಿ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ. ಒಂದು ತಾಸು ಕೂತೆ. ಕೂತಲ್ಲೇ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರು ಬಂತು. ಗಾಯರಾಣಕ್ಕಾಗಿ ಕೂರದವಳು ರೊಟ್ಟಿಗಾಗಿ ಕೂತಿದ್ದೆ.

ಕೊನೆಗೆ ಒಬ್ಬ ಹಿರಿಯ ಹೆಂಗಸು ಬಂದಳು. ಅವಳೂ ಅಧಿಕಾರಿಯೇ. ರೊಟ್ಟಿ ಮೂಸಿ ನೋಡಿ ಏನೋ ಹೇಳಿ ನಕ್ಕು ಬಿಟ್ಟುಕೊಟ್ಟಳು. ಹೊರಗೆ ಕಾಯುತ್ತಿದ್ದ ಸುಜಾತಾಳಿಗೆ ಆ ಶಬ್ದ ಅಂದು ತೋರಿಸಿದೆ. ಅದು ತಳ ಹಿಡಿದ ಅನ್ನದ ಹಕ್ಕಳಿಕೆಯ ಹೆಸರಂತೆ, ಅಲ್ಲಿಯ ಹಿರಿಯರಿಗೆ ಬಲು ಇಷ್ಟವಂತೆ.

ಯಾಂಗ್ಸಾನದಾಕಿಯ ಊರು, ಮೊದಲ ದಿನ

ಊರಿನ ಹೆಸರು ಬರೆದರೆ ನಿಮ್ಮ ನಾಲಿಗೆ ಹೊರಳುವುದಿಲ್ಲ, ನನ್ನದೂ ಹೊರಳಲಿಲ್ಲ. ಆದರೆ ಊರೊಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಕೆಂಪು ಮೆಣಸಿನಕಾಯಿಯ ಘಾಟು ಬಡಿಯಿತು. ರಸ್ತೆಯ ಅಂಚಿಗೆ ಚಾಪೆ ಹಾಸಿ ಉದ್ದಕ್ಕೂ ಒಣಹಾಕಿದ್ದರು. ನಾನು ನಿಂತಲ್ಲೇ ಮೂರು ಸಲ ಸೀನಿದೆ. ಮುಳಗುಂದದ ರಸ್ತೆಯಲ್ಲೇ ಇದ್ದ ಹಾಗಿತ್ತು.

ಊರ ನಡುವೆ ಎಲ್ಲರಿಗೂ ಸೇರಿದ ಒಂದು ಮನೆ ಇದೆ. ಮಧ್ಯಾಹ್ನವಾದರೆ ಊರ ಮುದುಕಿಯರೆಲ್ಲ ಅಲ್ಲಿ ಕೂಡುತ್ತಾರೆ, ಅಲ್ಲೇ ಅಡಿಗೆ, ಅಲ್ಲೇ ಊಟ, ಅಲ್ಲೇ ಅಡ್ಡಾಗುವುದು. ಎಲ್ಲರ ಕೂದಲೂ ಗುಂಗುರು ಮಾಡಿಸಿದ್ದು, ಎಲ್ಲರೂ ಹೂವಿನ ಚಿತ್ರದ ಸಡಿಲ ಪೈಜಾಮದವರು. ನೆಲ ಕೆಳಗಿನಿಂದ ಬೆಚ್ಚಗಿರುತ್ತದೆ. ನಾನು ಕೂತು, ಯಾರೋ ಕೆಳಗೆ ಒಲೆ ಆರಿಸದೆ ಬಿಟ್ಟಿದ್ದಾರೆ ಎಂದು ಹೌಹಾರಿ ಎದ್ದೆ. ಆಮೇಲೆ ಬಚ್ಚಲಿಗೆ ಹೋದೆ. ಬಚ್ಚಲಿಗೆ ಎಂದೇ ಇಟ್ಟ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಬೇಕು. ನಾನು ಅದನ್ನೇ ಮೆಟ್ಟಿಕೊಂಡು ಊಟದ ನಡುಮನೆಗೆ ಬಂದೆ. ಹನ್ನೊಂದು ಮುದುಕಿಯರು ಹೊಟ್ಟೆ ಹಿಡಿದು ನಕ್ಕರು. ನಮ್ಮಲ್ಲಿ ಹೊರಗಿನ ಚಪ್ಪಲಿಯಲ್ಲಿ ದೇವರ ಮನೆಗೆ ಬಂದವರನ್ನು ಹೀಗೆ ನಗುತ್ತಾ ಕ್ಷಮಿಸುವುದಿಲ್ಲ.

ನಮ್ಮಲ್ಲಿ ಹೊಸಬರು ಬಂದರೆ ಯಾವೂರು, ಯಾರ ಪೈಕಿ ಎಂದು ಕೇಳುತ್ತೇವೆ. ಅಲ್ಲಿ ಮೊದಲು ವಯಸ್ಸು ಕೇಳುತ್ತಾರೆ. ನನಗೆ ಅರವತ್ತೆರಡು ಎಂದ ಕೂಡಲೇ ತಂಗಿ ಮಾಡಿ ಮೂಲೆಯಲ್ಲಿ ಕೂರಿಸಿದರು. ಅವರಲ್ಲಿ ಹಿರಿಯಳಿಗೆ ಎಂಬತ್ತಾರು. ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ತವರೂರಿನ ಮೇಲಿಂದ ಕರೆಯುತ್ತಾರೆ. ಯಾಂಗ್ಸಾನ್ ಎಂಬ ಊರಿನಿಂದ ಬಂದ ಸೊಸೆ. ನಮ್ಮಲ್ಲೂ ಅಂತೂರು ಎಂಬ ಹಳ್ಳಿಯಿಂದ ಬಂದವಳು ಸಾಯುವತನಕ ಅಂತೂರಾಕಿಯೇ ಅಲ್ಲವೇ, ಹಾಗೆ. ನಾನು ಅವಳನ್ನು ಯಾಂಗ್ಸಾನದಾಕಿ ಅಂದೆ. ಸುಜಾತಾ ತಿರುಗಿಸಿ ಹೇಳಿದಾಗ ಮುದುಕಿ ಒಪ್ಪಿಕೊಂಡಳು.

ಸುಜಾತಾ ಹುಬ್ಬಳ್ಳಿಯವಳಾದ್ದರಿಂದ ಆ ಮುದುಕಿಯರೆಲ್ಲ ನನ್ನ ಕಿವಿಗೆ ನಮ್ಮ ಕಡೆಯವರ ಹಾಗೇ ಮಾತಾಡಿದರು. ಯಾಂಗ್ಸಾನದಾಕಿ ನನ್ನ ಮಣಿಕಟ್ಟು ಹಿಡಿದು ನೋಡಿ ಕೇಳಿದಳು, "ಎಷ್ಟು ದಿನ ಒಳಗಿದ್ದಿ ತಂಗಿ?"

ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. "ಮೂರು ದಿನ" ಅಂದೆ.

ಸುಜಾತಾ ಕೂಡಲೇ ತಿರುಗಿಸಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೊರಿಯನ್ನಿನಲ್ಲಿ ಹೇಳಿದಳು. ಹನ್ನೊಂದು ಜನರೂ ಚಪ್ಪಾಳೆ ತಟ್ಟಿದರು. ಮೂಲೆಯಿಂದ ಎಬ್ಬಿಸಿ ನಡುವೆ ಕೂರಿಸಿದರು, ನನ್ನ ತಾಟಿಗೆ ಮೀನಿನ ದೊಡ್ಡ ತುಂಡು ಬಿತ್ತು. ನಾನು ಮೀನು ತಿನ್ನುವುದಿಲ್ಲ ಎಂದು ಹೇಳುವ ಧೈರ್ಯವೂ ಆಗ ಬರಲಿಲ್ಲ.

ಎರಡನೆಯ ದಿನ, ಗುಡ್ಡ

ಮುಂಜಾನೆ ಮೆಣಸಿನಕಾಯಿ ತಿರುವಿಹಾಕುತ್ತಿದ್ದ ಮುದುಕಿಯರ ಜೊತೆ ನಾನೂ ಕೂತಿದ್ದೆ. ಅವರಿಗೆ ಕೇಳಿಸಿದರೂ ತಿಳಿಯದ ನಮ್ಮ ಮಾತಿನಲ್ಲಿ ಸುಜಾತಾ ಅಂದಳು, "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ವೀಸಾ ಫಾರ್ಮು ಫೋನಿನ್ಯಾಗ ಕೇಳಿಕೋತ ನಾನ ತುಂಬಿದ್ನಿ. ಎಂದರ ಅರೆಸ್ಟ್ ಆಗೀರೇನು ಅಂದ್ರ, ಇಲ್ಲವಾ ಅಂದಿದ್ರಿ."

"ಹೇಳಿದ್ದನ್ನ ತಿರುಗಿಸಿ ಹೇಳೂದಷ್ಟ ನಿನ್ನ ಕೆಲಸ. ಉಳಿದ ಉಸಾಬರಿ ನಿನಗ್ಯಾಕ" ಅಂದೆ. ಸಾಲಿಯಲ್ಲಿ ಮಕ್ಕಳನ್ನು ಬಾಯಿ ಮುಚ್ಚಿಸುತ್ತಿದ್ದ ಅದೇ ದನಿ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಮೆಣಸಿನಕಾಯಿ ತಿರುವಿದಳು. ಸುಳ್ಳು ಹೇಳಿದವಳು ನಾನು, ಬೈಸಿಕೊಂಡವಳು ಅವಳು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಹತ್ತು ಗಂಟೆಗೆ ಗುಡ್ಡ ಹತ್ತಿದೆವು. ಯಾಂಗ್ಸಾನದಾಕಿ ಬಡಿಗೆ ಊರಿಕೊಂಡು ನನಗಿಂತ ಮುಂದೆ. ಗುಡ್ಡದ ತುಂಬ ಚೆಸ್ಟ್‌ನಟ್ ಎಂಬ ಕಾಯಿಯ ಮರ. ಮುಳ್ಳಿನ ಸಿಪ್ಪೆ, ಒಳಗೆ ಹುಣಸೆಬೀಜದ ಬಣ್ಣದ ಕಾಯಿ. ಆ ಮರಗಳ ನಡುವೆ, ಕತ್ತು ನೋಯುವಷ್ಟು ಎತ್ತರಕ್ಕೆ, ಕರೆಂಟಿನ ಕಬ್ಬಿಣದ ಗೋಪುರ. ತಂತಿಗಳು ಗುಂಯ್ ಎನ್ನುತ್ತಿದ್ದವು. ಇದು ಬರಬಾರದು ಎಂದೇ ಅವರು ಕೂತದ್ದು. ಮೊಮ್ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆ ಅಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ. ಅದರಿಂದ ತಮ್ಮನ್ನು ಮರಕ್ಕೆ ಬಿಗಿದುಕೊಂಡು ಕೂತಿದ್ದರಂತೆ. ಒಬ್ಬೊಬ್ಬರನ್ನೇ ಬಿಚ್ಚಿ ಹೊತ್ತುಕೊಂಡು ಹೋದರಂತೆ.

ಅಂದರೆ ಇವರು ಸೋತವರು. ನನಗೆ ಅದು ಗೊತ್ತೇ ಇರಲಿಲ್ಲ. "ಪಾಪ, ಇಷ್ಟೆಲ್ಲ ಮಾಡಿಯೂ ಸೋತ್ರಲ್ಲ" ಅಂದೆ.

ಯಾಂಗ್ಸಾನದಾಕಿ ಬಗ್ಗಿ ಒಂದು ಕಾಯಿ ಆರಿಸಿಕೊಂಡು ಜೇಬಿಗೆ ಹಾಕಿದಳು. "ಸೋತಿವಿ. ಎದ್ದಿಲ್ಲ" ಅಂದಳು. ಸುಜಾತಾ ಅದನ್ನು ನನ್ನ ಕಡೆ ನೋಡದೆ ತಿರುಗಿಸಿದಳು. ಇಳಿಯುವಾಗ ನಾನು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಇಳಿಜಾರಿಗೆ ಎಂದು ತಿಳಿದು ಮುದುಕಿ ತನ್ನ ಬಡಿಗೆಯನ್ನು ನನಗೆ ಕೊಟ್ಟಳು.

ಅದೇ ದಿನ, ಊಟದ ಹೊತ್ತು

ಕೆಳಗೆ ಬಂದ ಮೇಲೆ ಮಾಬೂಬಿಯ ಗಂಟು ಬಿಚ್ಚಿದೆ. ಅಷ್ಟು ದೂರ ಬಂದರೂ ಎರಡೇ ರೊಟ್ಟಿ ಒಡೆದಿದ್ದವು. ಮುದುಕಿಯರು ಒಂದೊಂದನ್ನೇ ಬಾರಿಸಿ ನೋಡಿ ಖುಷಿಪಟ್ಟರು. ಅಷ್ಟಕ್ಕೆ ಸುಮ್ಮನೆ ಬಡಿಸಬಹುದಿತ್ತು. ಆದರೆ ನಾನು ಅಕ್ಕೋರು, ನಾಲ್ಕು ಜನ ಕೂತು ಕೇಳುತ್ತಾರೆಂದರೆ ಪಾಠ ಹೇಳದೆ ಇರಲಾರೆ. ಬೇವಿನ ಗಿಡ, ಬುಟ್ಟಿ, ಕೂತವರು ಮೊದಲು ಮುರಿಯುವುದು, ಎದ್ದವರು ಕೊನೆಗೆ ಉಣ್ಣುವುದು ಎಲ್ಲವನ್ನೂ ಹೇಳಿದೆ. ಪಂಚಾಯಿತಿ ಸದಸ್ಯರ ಕತೆಯನ್ನೂ ಸೇರಿಸಿದೆ. ಚೆನ್ನಾಗಿ ನಕ್ಕರು. ನನಗೂ ಹುರುಪು ಬಂತು.

ಯಾಂಗ್ಸಾನದಾಕಿ ಮೇಲಿನ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದಳು. "ಹಂಗಂದ್ರ ನೀನ ಮೊದ್ಲ ಮುರಿ. ನಿಮ್ಮೂರಿನ ರೊಟ್ಟಿ, ನಿಮ್ಮೂರಾಗ ಕುಂತಾಕಿ ನೀನು."

ಸುಜಾತಾ ತಿರುಗಿಸಿ ಹೇಳಿ ತಲೆ ತಗ್ಗಿಸಿದಳು. ನಾನು ಮುರಿದೆ. ಹನ್ನೊಂದು ಜನ ನೋಡುತ್ತಿದ್ದಾರಲ್ಲ, ಮುರಿಯದೆ ಹೇಗೆ. ಒಂದು ಚೂರು ಬಾಯಿಗೆ ಹಾಕಿದೆ. ಮಾಬೂಬಿ ಉಪ್ಪು ಸ್ವಲ್ಪ ಜಾಸ್ತಿ ಹಾಕುತ್ತಾಳೆ, ಅದೇ ರುಚಿ ನಾಲಿಗೆಗೆ ಬಂತು. ಅಗಿದೆ, ಅಗಿದೆ, ಒಳಗೆ ಇಳಿಯಲಿಲ್ಲ. ಪಕ್ಕದವಳು ನೀರಿನ ಬಟ್ಟಲು ನನ್ನ ಮುಂದೆ ಸರಿಸಿದಳು. ಆ ನೀರು ನೋಡಿದ್ದೇ ತಡ, ನನ್ನಿಂದ ಆಗಲಿಲ್ಲ. ಸೆರಗು ಬಾಯಿಗೆ ಹಿಡಿದು ಅತ್ತೆ.

"ಸುಜಾತಾ, ನಿನ್ನೆ ಹೇಳಿದ್ದು ಸುಳ್ಳು ಅಂತ ಹೇಳವಾ" ಅಂದೆ. "ಮೂರು ದಿನ ಒಳಗಿದ್ದಾಕಿ ನಾ ಅಲ್ಲ. ವ್ಯಾನು ಬಂದಾಗ ನಾ ಎದ್ದು ಹೋದ್ನಿ. ನೀರು ಕುಡದು ಬರ್ತೀನಂತ ಹೇಳಿ ಹೋಗಿ ಚಿಲಕ ಹಾಕ್ಕೊಂಡು ಕುಂತ್ನಿ. ಕುಂತಾಕಿಗೆ ಬರಾಕ ಬಿಡ್ಲಿಲ್ಲ. ನಾ ಎದ್ದಿದ್ದಕ್ಕ ನನಗ ಪಾಸ್‌ಪೋರ್ಟ್ ಸಿಕ್ತು."

ಅವಳು ಹೇಳಿದಳು. ಬೈದರೆ ಬೈಸಿಕೊಳ್ಳಲು ತಯಾರಿದ್ದೆ, ಬೈಯಲಿಲ್ಲ. ಇರಲಿ ಬಿಡು ಎಂದಾದರೂ ಯಾರಾದರೂ ಅಂದಾರು ಎಂದು ಕಾದೆ, ಅದನ್ನೂ ಅನ್ನಲಿಲ್ಲ. ಯಾಂಗ್ಸಾನದಾಕಿ, "ಆಕಿ ಹೆಸರೇನು?" ಎಂದು ಕೇಳಿದಳು.

"ಮಾಬೂಬಿ."

ಹನ್ನೊಂದು ಜನರೂ ಆ ಹೆಸರನ್ನು ಒಬ್ಬೊಬ್ಬರಾಗಿ ಅಂದು ನೋಡಿದರು. ಮುದುಕಿ ನನ್ನ ಕೈಯಿಂದ ಉಳಿದ ರೊಟ್ಟಿ ತೆಗೆದುಕೊಂಡಳು. ಒಂದು ಖಾಲಿ ಬಟ್ಟಲಿನಲ್ಲಿ ಇಟ್ಟು, ತನ್ನ ಬಲಕ್ಕೆ ಒಂದು ಚಾಪೆ ಹಾಸಿ, ಅದರ ಮುಂದೆ ಆ ಬಟ್ಟಲು ಇಟ್ಟಳು. ಪಕ್ಕದಲ್ಲಿ ಚಮಚ, ನೀರು. ಆಮೇಲೆ ತಾನು ಒಂದು ರೊಟ್ಟಿ ಮುರಿದಳು. ಎಲ್ಲರೂ ಚಟ್ನಿಪುಡಿ ಹಚ್ಚಿಕೊಂಡು ಉಂಡರು. ನಾನು ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಹನ್ನೊಂದು ಜನರ ಊಟ ಮುಗಿದ ಮೇಲೆ ಅವಳೇ ಒಂದು ತುಂಡು ತಂದು ನನ್ನ ತಾಟಿಗೆ ಹಾಕಿದಳು. ನಮ್ಮೂರ ಕಾಯಿದೆಯನ್ನು ಆ ದೇಶದವರು ಒಂದೇ ಪಾಠಕ್ಕೆ ಕಲಿತಿದ್ದರು. ನಾನು ಕಡೆಯ ಪಾಳಿಯ ರೊಟ್ಟಿ ಉಂಡೆ. ಅದು ಇಳಿಯಿತು.

ಹೊರಡುವ ದಿನ ಯಾಂಗ್ಸಾನದಾಕಿ ಮಡಿಸಿದ ಬಟ್ಟೆಯೊಂದನ್ನು ತಂದಳು. ಮಾಸಿದ ಹಸಿರು ಬಣ್ಣ, ಅಂಚಿನಲ್ಲಿ ಮರದ ತೊಗಟೆ ಉಜ್ಜಿದ ಗುರುತು. "ಇದು ಮಾಬೂಬಿಗೆ" ಎಂದಳು. ನನಗೆ ಏನೂ ಕೊಡಲಿಲ್ಲ. ಬಸ್ಸು ಹತ್ತುವಾಗ ಮಾತ್ರ ನನ್ನ ಸೀರೆಯ ನಿರಿಗೆ ಮೆಟ್ಟಿಲಿಗೆ ಸಿಕ್ಕದಂತೆ ಎತ್ತಿ ಹಿಡಿದಳು. ಸುಜಾತಾಳಿಗೆ, "ತಪ್ಪಾತವಾ" ಎಂದು ಬಸ್ಸಿನಲ್ಲಿ ಹೇಳಿದೆ. ಸಾಲಿಯಲ್ಲಿ ಯಾವ ಮಗುವಿಗೂ ಹೇಳದ ಮಾತು ಅದು.

ಗದಗ, ಕೋರ್ಟಿನ ಪಡಸಾಲೆ

ಬಂದ ನಾಲ್ಕನೆಯ ದಿನ ಮಾಬೂಬಿಯ ತಾರೀಖು ಇತ್ತು. ಅವಳ ತಾರೀಖು ಯಾವಾಗ ಎಂದು ಆರು ವರ್ಷದಲ್ಲಿ ನಾನು ಕೇಳಿದ್ದೇ ಅದು ಮೊದಲು. ಗದಗಿಗೆ ಬಸ್ಸಿನಲ್ಲಿ ಹೋದೆ. ಕೋರ್ಟಿನ ಪಡಸಾಲೆಯ ಬಾಕಿನ ಮೇಲೆ, ಕೈಚೀಲ ಪಕ್ಕಕ್ಕೆ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ, "ಯಾಕ್ರಿ ಅಕ್ಕೋರ, ನಿಮ್ಮದೇನು ಇಲ್ಲಿ ಕೆಲಸ?" ಅಂದಳು.

ನಿಂತುಕೊಂಡೇ ಬಟ್ಟೆ ಕೊಟ್ಟೆ, ಯಾರದು, ಯಾಕೆ ಎಂದು ಹೇಳಿದೆ. ಅವಳು ತೊಗಟೆಯ ಗುರುತಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, "ರೊಟ್ಟಿ ಮೊದ್ಲ ಯಾರು ಮುರದ್ರಿ?"

ಅದನ್ನೇ ಕೇಳುತ್ತಾಳೆ ಎಂದು ದಾರಿಯುದ್ದಕ್ಕೂ ಗೊತ್ತಿತ್ತು. "ನಾನ ಮುರದ್ನಿ" ಅಂದೆ. "ಮೂರು ದಿನ ಒಳಗಿದ್ನಿ ಅಂತ ಸುಳ್ಳು ಹೇಳಿ ಮುರದ್ನಿ. ಆಮ್ಯಾಲೆ ಖರೇ ಹೇಳಿದ್ನಿ. ಕಡೀಗೆ ಉಣಿಸಿದ್ರು." ಸಾಲಿಯ ಫೋಟೋ ಇಳಿಸಲು ಹೆಡ್‌ಮಾಸ್ತರರಿಗೆ ಹೇಳುತ್ತೇನೆ, ಇದನ್ನೆಲ್ಲ ಬರೆಯುತ್ತೇನೆ ಎಂದೂ ಹೇಳಿದೆ. ಒಂದೇ ಉಸಿರಿನಲ್ಲಿ ಹೇಳಿದೆ.

ಮಾಬೂಬಿ ಬಟ್ಟೆಯನ್ನು ಮಡಿಸಿದಳು, ಮತ್ತೆ ಬಿಚ್ಚಿ ಮಡಿಸಿದಳು. ನನ್ನ ಮುಖ ನೋಡಲಿಲ್ಲ.

"ಆವತ್ತ ನೀರು ಕುಡದು ಬರ್ತೀನಿ ಅಂದಿದ್ರಲ್ರಿ" ಅಂದಳು. "ಬರ್ತೀರಂತ ನಿಮ್ಮ ಜಾಗಾ ಹಿಡಕೊಂಡು ಕುಂತಿದ್ನಿ. ಯಾರಿಗೂ ಕುಂಡ್ರಾಕ ಬಿಡ್ಲಿಲ್ಲ. ವ್ಯಾನಿನ್ಯಾಗೂ ಹಿಡದಿದ್ನಿ, ಅಕ್ಕೋರು ಹಿಂದಿಂದ ಬರ್ತಾರಂತ."

ಒಳಗಿನಿಂದ ಅವಳ ಹೆಸರು ಕೂಗಿದರು. ಮಾಬೂಬಿ ಎದ್ದು ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡಳು. ಬಾಕಿನ ಮೇಲಿದ್ದ ಕೈಚೀಲ ತೆಗೆದು ಕೆಳಗಿಟ್ಟಳು. "ಕುಂಡ್ರಿ" ಎಂದು ಒಳಗೆ ಹೋದಳು.

ಕೂತೆ. ಬಿಸಿಲು ಪಡಸಾಲೆಯೊಳಗೆ ಬಂದು ನನ್ನ ಕಾಲಿನ ಮೇಲೆ ಬಿತ್ತು. ಅವಳು ಹೊರಗೆ ಬರುವತನಕ ಎರಡು ತಾಸು ಹಿಡಿಯಿತು. ಎದುರಿಗೇ ನೀರಿನ ನಲ್ಲಿ ಇತ್ತು, ಬಹಳ ನೀರಡಿಸಿತ್ತು. ನಾನು ಏಳಲಿಲ್ಲ.